ಐಎ, ಬ್ಯಾಕ್, ನಿದ್ದೆ, ಮನೆ: ಒತ್ತಡ ಓದನ್ನು ತಿನ್ನುವಾಗ ಏನು ಮಾಡಬೇಕು

ನಾನು ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಸಂಜೆ ಆದ ಮೇಲೆ ಹುಡುಗಿಯರ ಹಾಸ್ಟೆಲ್‌ಗೆ ವಾರ್ಡನ್. ಹಾಗಾಗಿ ಒಂದೇ ಹುಡುಗಿಯನ್ನು ಎರಡು ಕಡೆಯಿಂದ ನೋಡುವ ಅವಕಾಶ ನನಗಿದೆ. ಹಗಲು ಅವಳ ಬ್ಲೂ ಬುಕ್, ಅಂದರೆ ಕಾಲೇಜಿನ ಪರೀಕ್ಷೆಯ ಉತ್ತರಪುಸ್ತಕ, ನೋಡುತ್ತೇನೆ, ರಾತ್ರಿ ಮೆಸ್‌ನಲ್ಲಿ ಅವಳ ತಟ್ಟೆ ನೋಡುತ್ತೇನೆ. ಐಎ, ಅಂದರೆ ಸೆಮ್ ನಡುವೆ ಕಾಲೇಜೇ ನಡೆಸುವ ಇಂಟರ್ನಲ್ ಪರೀಕ್ಷೆ, ಅದರ ವಾರದಲ್ಲಿ ಎರಡೂ ಅರ್ಧ ಖಾಲಿ.

ಆ ವಾರ ಹಾಸ್ಟೆಲ್ ಆಫೀಸಿಗೆ ಬರುವ ದೂರುಗಳು ನನಗೆ ಬಾಯಿಪಾಠ ಆಗಿವೆ. ತಲೆನೋವು, ಗ್ಯಾಸ್ಟ್ರಿಕ್, ಮುಟ್ಟು ಮುಂದೆ ಹೋಗಿದೆ, ಕೂದಲು ಉದುರುತ್ತಿದೆ, ರಾತ್ರಿ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಏಳಲು ಆಗುವುದಿಲ್ಲ. ಸ್ಟ್ರೆಸ್ ಅಂತ ಬಾಯಿಬಿಟ್ಟು ಹೇಳುವವರು ಕಡಿಮೆ. ಅವರು ಹೇಳುವುದೇ ಬೇರೆ. "ಮೇಡಂ, ನಾನು ದಡ್ಡಿ. ಪಿಯುಸಿಯಲ್ಲಿ ಹೇಗೋ ಮಾರ್ಕ್ಸ್ ಬಂದ್ಬಿಡ್ತು."

ಈ ಮಾತಿನ ಮೇಲೆ ನನಗೆ ತಕರಾರಿದೆ. ಉತ್ತರಪತ್ರಿಕೆ ಓದಿ ಓದಿ ನನಗೊಂದು ಗುರುತು ಸಿಕ್ಕಿದೆ: ಗೊತ್ತಿಲ್ಲದವರ ತಪ್ಪು ಒಂದು ತರಹ, ಗಾಬರಿಯಾದವರ ತಪ್ಪು ಇನ್ನೊಂದು ತರಹ. ಮಕ್ಕಳು ಎರಡನೆಯದನ್ನು ಮೊದಲನೆಯದು ಅಂದುಕೊಳ್ಳುತ್ತಾರೆ. ಆಮೇಲೆ ತಪ್ಪಾದ ಔಷಧಿ ಮಾಡುತ್ತಾರೆ. ಇನ್ನೂ ಜಾಸ್ತಿ ಹೊತ್ತು ಓದುವುದು, ಇನ್ನೂ ಕಡಿಮೆ ಮಲಗುವುದು, ಊಟ ಬಿಡುವುದು. ಅದರಿಂದ ಗಾಬರಿ ಹೆಚ್ಚುತ್ತದೆ, ಮುಂದಿನ ಐಎಯಲ್ಲಿ ಇನ್ನೂ ಕಡಿಮೆ ಬರುತ್ತದೆ. ಈ ಸುತ್ತನ್ನು ಎಲ್ಲಿ ತುಂಡು ಮಾಡಬಹುದು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಉದಾಹರಣೆಗಳನ್ನೇ ಕೊಡುತ್ತೇನೆ, ನನಗೆ ಗೊತ್ತಿರುವುದು ಅದೇ. ಬಿಎಸ್ಸಿ, ಬಿಕಾಂ ಓದುವವರು ತಮ್ಮ ನಿಯಮಕ್ಕೆ ಹೊಂದಿಸಿಕೊಳ್ಳಿ.

ತಲೆಯಲ್ಲಿ ಏನಾಗುತ್ತದೆ

ಸಮೀಕರಣಗಳನ್ನು ಸಾಲಾಗಿ ಬರೆದು, ಒಂದರಿಂದ ಇನ್ನೊಂದನ್ನು ಕಳೆಯುತ್ತಾ ಬಿಡಿಸುವ ಗಾಸ್ ಎಲಿಮಿನೇಷನ್ ಲೆಕ್ಕ ತೆಗೆದುಕೊಳ್ಳಿ. ಎರಡನೇ ಸಾಲಿನಿಂದ ಮೊದಲ ಸಾಲಿನ ಮೂರು ಪಟ್ಟು ಕಳೆಯಬೇಕು. ಮೈನಸ್ ಇದ್ದ ಕಡೆ ಗುರುತು ಬದಲಾಗುತ್ತದೆ. ಬಲಗಡೆಯ ಸಂಖ್ಯೆಗೂ ಅದನ್ನೇ ಮಾಡಬೇಕು. ಇಷ್ಟನ್ನೂ ಒಂದೇ ಸಲ ತಲೆಯಲ್ಲಿ ಹಿಡಿದುಕೊಂಡಿರಬೇಕು. ಮನಶ್ಶಾಸ್ತ್ರದವರು ಇದಕ್ಕೆ ವರ್ಕಿಂಗ್ ಮೆಮೊರಿ ಅನ್ನುತ್ತಾರೆ. ಪುಟದ ಬಲಬದಿಯಲ್ಲಿ ರಫ್ ಕೆಲಸಕ್ಕೆ ಗೆರೆ ಎಳೆದು ಬಿಟ್ಟುಕೊಳ್ಳುತ್ತೀರಲ್ಲ, ಆ ಜಾಗದ ಹಾಗೆ ಅದು. ತುಂಬಾ ಚಿಕ್ಕದು. "ಫೇಲಾದರೆ ಅಪ್ಪನಿಗೆ ಏನು ಹೇಳಲಿ", "ಮುಂದಿನ ಬೆಂಚಿನವಳು ಆಗಲೇ ಮೂರನೇ ಪುಟಕ್ಕೆ ಹೋದಳು" ಅನ್ನುವ ಯೋಚನೆಗಳೂ ಅದೇ ಜಾಗದಲ್ಲಿ ಬಂದು ಕೂರುತ್ತವೆ. ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ. ಮೈನಸ್ ಕಳೆದುಹೋಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಗಣಿತದವಳ ಚಟ ಅಂದುಕೊಳ್ಳಿ. ಅಂದಾಜು ಉತ್ತರದಿಂದ ಶುರುಮಾಡಿ ಸುತ್ತು ಸುತ್ತಾಗಿ ತಿದ್ದುವ ಗಾಸ್-ಸೈಡಲ್ ವಿಧಾನದಲ್ಲಿ ನಡುವೆ ಒಂದು ಸಂಖ್ಯೆ ತಪ್ಪಿದರೂ ಮುಂದಿನ ಸುತ್ತುಗಳು ಅದನ್ನು ನಿಧಾನಕ್ಕೆ ಸರಿಮಾಡಿಕೊಳ್ಳುತ್ತವೆ. ಎಲಿಮಿನೇಷನ್‌ಗೆ ಆ ಕರುಣೆ ಇಲ್ಲ. ಎರಡನೇ ಹೆಜ್ಜೆಯ ತಪ್ಪು ಕೊನೆಯವರೆಗೂ ಹೋಗುತ್ತದೆ. ಗಾಬರಿಯಾದವರು ಹೆಚ್ಚು ಮಾರ್ಕ್ಸ್ ಕಳೆದುಕೊಳ್ಳುವುದು ಇಂಥ ಲೆಕ್ಕಗಳಲ್ಲೇ.

ಮೈಯಲ್ಲಿ ನಡೆಯುವುದು ಇದು: ಹೆದರಿಕೆ ಬಂದ ಕ್ಷಣ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಸ್ವಲ್ಪ ಹೊತ್ತಿಗೆ ಕಾರ್ಟಿಸಾಲ್ ಹಾರ್ಮೋನು ಏರುತ್ತದೆ. ಅದು ಹೆಚ್ಚಾಗಿರುವಾಗ ಓದಿದ್ದು ನೆನಪಿಗೆ ಬರುವುದು ಕಷ್ಟ. ಹಾಲ್‌ನಲ್ಲಿ ಬ್ಲ್ಯಾಂಕ್ ಆಗಿದ್ದ ಸೂತ್ರ ಕ್ಯಾಂಟೀನ್ ಮುಟ್ಟುವ ಹೊತ್ತಿಗೆ ತಾನಾಗೇ ನೆನಪಾಗುತ್ತದೆ, ಅಲ್ವಾ? ಅಂದರೆ ಅದು ಒಳಗೇ ಇತ್ತು. ಇದೇ ಸ್ಥಿತಿ ವಾರಗಟ್ಟಲೆ ಎಳೆದರೆ ನಿದ್ದೆ, ಹೊಟ್ಟೆ, ಮುಟ್ಟು ಎಲ್ಲವೂ ಏರುಪೇರಾಗುತ್ತವೆ.

ಹಾಗಂತ ಒತ್ತಡ ಪೂರ್ತಿ ಕೆಟ್ಟದ್ದೂ ಅಲ್ಲ. 1908ರಲ್ಲಿ ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಎಂಬಿಬ್ಬರು ಇಲಿಗಳ ಮೇಲೆ ಪ್ರಯೋಗ ಮಾಡಿದರು. ಸುಲಭದ ಕೆಲಸವಾದರೆ ತಪ್ಪಿದಾಗ ಕೊಡುವ ಕರೆಂಟ್ ಶಾಕ್ ಜೋರಾದಷ್ಟೂ ಇಲಿಗಳು ಬೇಗ ಕಲಿತವು. ಕಷ್ಟದ ಕೆಲಸವಾದರೆ ನಡುಮಟ್ಟದ ಶಾಕ್‌ನಲ್ಲಿ ಚೆನ್ನಾಗಿ ಕಲಿತವು, ಜೋರಾದರೆ ಕೆಟ್ಟವು. ನಮ್ಮ ಹಾಸ್ಟೆಲ್‌ನಲ್ಲೂ ಇದೇ ಕಾಣುತ್ತದೆ. ನಾಳೆ ಸಬ್ಮಿಷನ್ ಅಂದರೆ ಇಡೀ ಲ್ಯಾಬ್ ರೆಕಾರ್ಡನ್ನು ಒಂದೇ ರಾತ್ರಿ ಬರೆದು ಮುಗಿಸುತ್ತೀರಿ. ಅದೇ ಒತ್ತಡದಲ್ಲಿ ಒಂದು ಹೊಸ ಮಾಡ್ಯೂಲ್, ಅಂದರೆ ಸಿಲಬಸ್‌ನ ಒಂದು ಭಾಗ, ಮಾತ್ರ ಅರ್ಥವಾಗುವುದಿಲ್ಲ. ನಕಲು ಮಾಡುವುದು ಒಂದು ಕೆಲಸ, ಅರ್ಥ ಮಾಡಿಕೊಳ್ಳುವುದು ಬೇರೆಯೇ ಕೆಲಸ.

ಬ್ಲೂ ಬುಕ್ ಇಟ್ಟುಕೊಂಡು ಕೂತುಕೊಳ್ಳಿ

ಮೊದಲ ಐಎ ಬ್ಲೂ ಬುಕ್ ಕೈಗೆ ಬಂದ ದಿನ ಹೆಚ್ಚಿನವರು ಮಾರ್ಕ್ಸ್ ನೋಡಿ, ಪಕ್ಕದವಳದ್ದು ನೋಡಿ, ಸಹಿ ಹಾಕಿ ವಾಪಸ್ ಕೊಡುತ್ತಾರೆ. ಹಾಗೆ ಮಾಡಬೇಡಿ. ಹತ್ತು ನಿಮಿಷ ಕೇಳಿ ಇಟ್ಟುಕೊಳ್ಳಿ. ಯಾವ ಮೇಷ್ಟ್ರೂ ಬೇಡ ಅನ್ನುವುದಿಲ್ಲ. ಮಾರ್ಕ್ಸ್ ಹೋದ ಪ್ರತಿ ಜಾಗದ ಕಾರಣವನ್ನು ನಿಮ್ಮ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಗೊತ್ತಿರಲಿಲ್ಲ. ಗೊತ್ತಿತ್ತು, ಕೈತಪ್ಪಿತು. ಸಮಯ ಸಾಲಲಿಲ್ಲ. ಪ್ರಶ್ನೆಯೇ ಅರ್ಥವಾಗಲಿಲ್ಲ. ಈ ನಾಲ್ಕರಲ್ಲಿ ಯಾವುದು, ಅಷ್ಟೇ.

ಗೊತ್ತಿರಲಿಲ್ಲ ಅನ್ನುವುದು ಜಾಸ್ತಿ ಇದ್ದರೆ ಓದಬೇಕು. ಬೇರೆ ದಾರಿ ಇಲ್ಲ. ಕೈತಪ್ಪಿದ್ದು ಜಾಸ್ತಿ ಇದ್ದರೆ ನಿದ್ದೆ ಮತ್ತು ಗಾಬರಿಯ ಕಡೆ ನೋಡಬೇಕು. ಇನ್ನೂ ನಾಲ್ಕು ಗಂಟೆ ಓದಿದರೆ ಅದು ಸರಿಹೋಗುವುದಿಲ್ಲ. ಸಮಯ ಸಾಲದಿದ್ದರೆ ಗಡಿಯಾರ ಇಟ್ಟುಕೊಂಡು ಬರೆದು ಅಭ್ಯಾಸ ಮಾಡಬೇಕು. ಪ್ರಶ್ನೆ ಅರ್ಥವಾಗದಿದ್ದರೆ ಭಾಷೆಯ ತೊಡಕು ಇರಬಹುದು, ಅದಕ್ಕೆ ಆಮೇಲೆ ಬರುತ್ತೇನೆ.

ಕಳೆದ ವರ್ಷ ಪಾವಗಡದ ಕಡೆಯ ಒಬ್ಬಳು ನನ್ನ ಎದುರಿಗೇ ಕೂತು ಇದನ್ನು ಮಾಡಿದಳು. ಕಳೆದುಕೊಂಡ ಮಾರ್ಕ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕೈತಪ್ಪಿದ್ದೇ ಆಗಿತ್ತು. "ಹಾಗಾದ್ರೆ ನಂಗೆ ಬರುತ್ತೆ ಅಂತಾಯ್ತಾ ಮೇಡಂ?" ಅಂದಳು. ಬರುತ್ತೆ ಅಂತಲೇ ಆಯ್ತು. ಅವಳು ಐಎ ಹಿಂದಿನ ಎರಡು ರಾತ್ರಿ ಮೂರು ಗಂಟೆಗಿಂತ ಹೆಚ್ಚು ಹೊತ್ತು ನಿದ್ದೆ ಮಾಡಿರಲಿಲ್ಲ. ರೂಮ್‌ಮೇಟ್ ಹೇಳಿದ ಮೇಲೆ ಗೊತ್ತಾಯಿತು.

ಹೆದರಿಕೆಗೆ ಒಂದು ಸಂಖ್ಯೆ ಕೊಡಿ

"ಎಲ್ಲಾ ಹೋಗುತ್ತೆ ಮೇಡಂ" ಅನ್ನುವವರನ್ನು ನಾನು ಕೇಳುವುದು ಒಂದೇ: ಪಾಸಾಗಲು ಎಷ್ಟು ಬೇಕು? ಎಷ್ಟೋ ಜನರಿಗೆ ಉತ್ತರ ಗೊತ್ತಿರುವುದಿಲ್ಲ. ಎಷ್ಟು ಎತ್ತರ ಹಾರಬೇಕು ಅಂತ ಗೊತ್ತಿಲ್ಲದೇ ಹೆದರಿಕೊಂಡಿರುತ್ತಾರೆ.

ವಿಟಿಯು 2022ರ ಸ್ಕೀಮ್‌ನ ಥಿಯರಿ ವಿಷಯದ ಲೆಕ್ಕ ನೋಡೋಣ. ಸಿಐಇ, ಅಂದರೆ ಐಎ ಸೇರಿ ಕಾಲೇಜಿನಲ್ಲಿ ಸಿಗುವ ಮಾರ್ಕ್ಸ್, 50ಕ್ಕೆ. ಅದರಲ್ಲಿ ಕನಿಷ್ಠ 20 ಬೇಕು. ಸೆಮ್ ಕೊನೆಯ ಪರೀಕ್ಷೆ 100ಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಅದರಲ್ಲಿ 50ಕ್ಕೆ 18 ಬೇಕು. ಎರಡೂ ಸೇರಿ 40 ಆಗಬೇಕು. ಸಿಐಇ 22 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪರೀಕ್ಷೆಯಲ್ಲಿ 18 ಸಾಕು, ಅಂದರೆ 100ಕ್ಕೆ ಸುಮಾರು 36. ಸಿಐಇ ಬರೀ 20 ಇದ್ದರೆ 100ಕ್ಕೆ 40 ತೆಗೆಯಬೇಕು. ಐಎಯನ್ನು ಸುಮ್ನೆ ಬಿಡಬೇಡಿ ಅಂತ ನಾವು ಬಡಿದುಕೊಳ್ಳುವುದು ಇದಕ್ಕೇ.

ಈಗ 36ನ್ನು ಒಡೆಯೋಣ. ಪತ್ರಿಕೆಯಲ್ಲಿ ಐದು ಮಾಡ್ಯೂಲ್. ಪ್ರತಿಯೊಂದರಲ್ಲಿ 20 ಮಾರ್ಕ್ಸ್‌ನ ಎರಡು ಪ್ರಶ್ನೆ, ಒಂದನ್ನು ಆರಿಸಬೇಕು. ಮೂರು ಮಾಡ್ಯೂಲ್‌ನಲ್ಲಿ 12 ರಂತೆ ಬಂದರೂ 36 ಆಯಿತು. ಇಡೀ ಸಿಲಬಸ್ ನೋಡಿ ಬೆವರುವವರಿಗೆ ಮೂರು ಮಾಡ್ಯೂಲ್ ಅಂದಾಗ ಉಸಿರು ಬರುತ್ತದೆ. ಉಳಿದೆರಡರಲ್ಲಿ ಹೆಜ್ಜೆಗೆ ಸಿಗುವ ಮಾರ್ಕ್ಸ್ ಬೋನಸ್.

ಪಾಸಿಂಗ್ ಪ್ಯಾಕೇಜ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ವಾಟ್ಸಾಪ್‌ನಲ್ಲಿ ಸೀನಿಯರ್‌ಗಳು ಕಳಿಸುವ ಇಪ್ಪತ್ತು ಪ್ರಶ್ನೆಯ ಪಿಡಿಎಫ್. ನಾನು ಅದನ್ನು ಬೈಯುವುದಿಲ್ಲ. ಬ್ಯಾಕ್, ಅಂದರೆ ಪಾಸಾಗದೆ ಉಳಿದ ವಿಷಯ, ಇರುವವರಿಗೆ ಅದು ಒಂದು ಶುರು. ಆದರೆ ಆ ಇಪ್ಪತ್ತರ ಹಿಂದೆ ಇರುವ ವಿಧಾನ ಗೊತ್ತಿಲ್ಲದೆ ಉತ್ತರ ಬಾಯಿಪಾಠ ಮಾಡಿದರೆ, ಹಾಲ್‌ನಲ್ಲಿ ಸಂಖ್ಯೆ ಬದಲಾದ ತಕ್ಷಣ ಗಾಬರಿ ಶುರುವಾಗುತ್ತದೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗಂತೂ ಇದು ದೊಡ್ಡ ಗುಂಡಿ. ಅವರು ಮೊದಲ ವರ್ಷದ ಕ್ಯಾಲ್ಕ್ಯುಲಸ್ ನೋಡಿರುವುದಿಲ್ಲ. ನಾಚಿಕೆ ಬಿಟ್ಟು ಡಿಫರೆನ್ಸಿಯೇಷನ್‌ನಿಂದ ಶುರುಮಾಡಿ. ಮೆಷಿನ್ ಡ್ರಾಯಿಂಗ್‌ನಲ್ಲಿ ನೀವೇ ಉಳಿದವರಿಗೆ ಹೇಳಿಕೊಡುತ್ತೀರಿ, ಲೆಕ್ಕ ಸರಿಹೋಯಿತು.

ಹಾಜರಿಯನ್ನೂ ಇದೇ ಹಾಳೆಯಲ್ಲಿ ಬರೆಯಿರಿ. ವಿಟಿಯುನಲ್ಲಿ 85 ಪರ್ಸೆಂಟ್ ಬೇಕು. ಮನಸ್ಸು ಸರಿಯಿಲ್ಲ ಅಂತ ರೂಮಿನಲ್ಲೇ ಉಳಿದವರಿಗೆ ತಿಂಗಳ ಕೊನೆಗೆ ಹಾಜರಿ ಕೊರತೆಯ ಹೊಸ ಚಿಂತೆ ಸೇರಿಕೊಳ್ಳುತ್ತದೆ. ಹುಷಾರಿಲ್ಲದಿದ್ದರೆ ಡಾಕ್ಟರ್ ಚೀಟಿ ಆ ವಾರವೇ ಕೊಡಿ, ಸೆಮ್ ಕೊನೆಗೆ ಹುಡುಕಬೇಡಿ.

ನಿದ್ದೆ, ಮತ್ತೆ ಓದುವ ರೀತಿ

ನೈಟ್‌ಔಟ್ ಅನ್ನುವುದು ಹಾಸ್ಟೆಲ್‌ನಲ್ಲಿ ಒಂದು ಹೆಮ್ಮೆಯ ಮಾತು. "ನಾನು ನಾಲ್ಕು ಗಂಟೆವರೆಗೂ ಎದ್ದಿದ್ದೆ" ಅಂತ ಪದಕ ಸಿಕ್ಕವರ ಹಾಗೆ ಹೇಳುತ್ತಾರೆ. ದಿನದಲ್ಲಿ ಓದಿದ್ದು ಮೆದುಳಿನಲ್ಲಿ ಗಟ್ಟಿಯಾಗುವ ಕೆಲಸದ ದೊಡ್ಡ ಪಾಲು ನಿದ್ದೆಯಲ್ಲೇ ನಡೆಯುತ್ತದೆ. ಓದಿ, ನಿದ್ದೆ ಬಿಟ್ಟರೆ ಓದಿದ್ದರಲ್ಲಿ ಒಂದಷ್ಟನ್ನು ನೀವೇ ಚೆಲ್ಲಿದ ಹಾಗಾಯಿತು. ನನ್ನ ಹಾಸ್ಟೆಲ್ ನಿಯಮ ಸರಳ: ಪರೀಕ್ಷೆಯ ಹಿಂದಿನ ರಾತ್ರಿ ಆರು ಗಂಟೆಗಿಂತ ಕಡಿಮೆ ನಿದ್ದೆ ಇಲ್ಲ. ಹನ್ನೊಂದೂವರೆಗೆ ಸ್ಟಡಿ ಹಾಲ್ ದೀಪ ಆರಿಸುತ್ತೇನೆ. ಬೈಗುಳ ತಿನ್ನುತ್ತೇನೆ, ಪರವಾಗಿಲ್ಲ.

ಕಾಫಿಯಲ್ಲಿರುವ ಕೆಫೀನ್‌ನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ಕುಡಿದ ಕಾಫಿಯ ಕೆಫೀನ್ ಬೆಳಗಿನ ಜಾವ ಎರಡಕ್ಕೂ ಅರ್ಧ ಉಳಿದಿರುತ್ತದೆ. ಸಂಜೆ ಐದರ ನಂತರ ಬೇಡ. ಫೋನನ್ನು ದಿಂಬಿನ ಕೆಳಗಿಂದ ತೆಗೆದು ಬೀರುವಿನ ಮೇಲಿಡಿ. ಅಲಾರಂ ಹೊಡೆದರೆ ಎದ್ದೇ ಆರಿಸಬೇಕು, ಅದೂ ಒಳ್ಳೆಯದೇ.

ಓದುವುದರಲ್ಲಿ ಒಂದು ಬದಲಾವಣೆ ಮಾಡಿಕೊಂಡರೆ ಸಾಕು. ನೋಟ್ಸ್ ಮತ್ತೆ ಮತ್ತೆ ಓದುವುದು ಹೆದರಿದವರಿಗೆ ಹಿತವಾಗಿರುತ್ತದೆ. ಪುಟ ಪರಿಚಿತ ಅನ್ನಿಸುತ್ತದೆ, ಬರುತ್ತೆ ಅನ್ನಿಸುತ್ತದೆ. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ ಇದನ್ನು ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ, ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದಿದ್ದರು. ಆದ್ದರಿಂದ ಒಂದು ಲೆಕ್ಕ ಓದಿ, ಮುಚ್ಚಿ, ಬಿಳಿ ಹಾಳೆಯಲ್ಲಿ ಮಾಡಿ. ಸಿಕ್ಕಿಬಿದ್ದ ಹೆಜ್ಜೆಯನ್ನಷ್ಟೇ ತೆರೆದು ನೋಡಿ. ಮೊದಲ ಎರಡು ದಿನ ಕಿರಿಕಿರಿ ಆಗುತ್ತದೆ. ಹಾಲ್‌ನಲ್ಲಿ ಸಿಕ್ಕಿಬೀಳುವುದಕ್ಕಿಂತ ರೂಮಿನಲ್ಲಿ ಸಿಕ್ಕಿಬೀಳುವುದು ಮೇಲು.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಶಿರಾ, ಮಧುಗಿರಿ, ಕೊರಟಗೆರೆ ಕಡೆಯಿಂದ ಬರುವ ಎಷ್ಟೋ ಮಕ್ಕಳು ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿರುತ್ತಾರೆ. ನಾನೂ ಹಾಗೇ ಬಂದವಳು. ಮೊದಲ ಸೆಮ್‌ನಲ್ಲಿ ಅವರ ತಲೆಗೆ ಎರಡು ಕೆಲಸ: ಇಂಗ್ಲಿಷ್ ಬಿಡಿಸುವುದು, ಆಮೇಲೆ ವಿಷಯ ಬಿಡಿಸುವುದು. ರಫ್ ಜಾಗದ ಅರ್ಧ ಮೊದಲನೆಯದಕ್ಕೇ ಹೋಗುತ್ತದೆ. ಇದು ಆರೇಳು ತಿಂಗಳ ತೊಂದರೆ, ಜನ್ಮದ್ದಲ್ಲ.

ಪ್ರತಿ ವಿಷಯಕ್ಕೂ ಕೊನೆಯ ಪುಟದಲ್ಲಿ ಪರೀಕ್ಷೆಯ ಕ್ರಿಯಾಪದಗಳನ್ನು ಬರೆದುಕೊಳ್ಳಿ. ಡಿರೈವ್, ಎವಾಲ್ಯುಯೇಟ್, ವೆರಿಫೈ, ಡಿಫರೆನ್ಷಿಯೇಟ್ ಬಿಟ್ವೀನ್, ಇಲಸ್ಟ್ರೇಟ್. ಪ್ರತಿಯೊಂದಕ್ಕೂ ಏನು ಬರೆಯಬೇಕು ಅಂತ ಕನ್ನಡದಲ್ಲಿ ಒಂದು ಸಾಲು. ಹಳೇ ಪತ್ರಿಕೆಗಳನ್ನು ತೆಗೆದರೆ ಇಂಥ ಪದಗಳು ಒಂದಿಪ್ಪತ್ತು ಇವೆ, ಅಷ್ಟೇ. ಮೊದಲು ಉತ್ತರವನ್ನು ಗೆಳತಿಗೆ ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷ್‌ನಲ್ಲಿ ಬರೆಯಿರಿ. ಕ್ಲಾಸಿನಲ್ಲಿ ಡೌಟ್ ಕೇಳಲು ಇಂಗ್ಲಿಷ್ ಬರುವವರೆಗೂ ಕಾಯಬೇಡಿ. "ಮೇಡಂ, ಈ ಸ್ಟೆಪ್ ಹೆಂಗ್ ಬಂತು?" ಅಂದರೆ ನನಗೆ ಅರ್ಥವಾಗುತ್ತದೆ. ನಗುವವರು ಇದ್ದೇ ಇರುತ್ತಾರೆ. ಅವರಿಗೂ ಆ ಸ್ಟೆಪ್ ಗೊತ್ತಿರುವುದಿಲ್ಲ, ನಾನು ಕೇಳಿ ನೋಡಿದ್ದೇನೆ.

ದುಡ್ಡು ಮತ್ತು ಮನೆ

ಓದಿನ ಒತ್ತಡ ಅಂತ ಬರುವವರನ್ನು ಸ್ವಲ್ಪ ಮಾತಾಡಿಸಿದರೆ ಕೆಳಗೆ ದುಡ್ಡು ಇರುತ್ತದೆ. ಮೆಸ್ ಬಿಲ್ ಕಟ್ಟಿಲ್ಲ. ಕಡ್ಲೆಕಾಯಿ ಈ ವರ್ಷ ಕೈಕೊಟ್ಟಿದೆ. ಅಣ್ಣ ಓದು ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾನೆ, ಅವನ ದುಡ್ಡಿನಲ್ಲಿ ನಾನು ಫೇಲಾದೆ ಅನ್ನುವ ಭಾರ. ಇದಕ್ಕೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಪ್ರಯೋಜನವಿಲ್ಲ.

ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದೀರಾ ನೋಡಿ. ಸ್ಟೇಟಸ್ ತೆಗೆದು ಎಲ್ಲಿ ನಿಂತಿದೆ ಅಂತ ಓದಿ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯಾ ಅಂತ ಬ್ಯಾಂಕಿನಲ್ಲೇ ಕೇಳಿ, ಎಷ್ಟೋ ಸಲ ದುಡ್ಡು ನಿಲ್ಲುವುದು ಅಲ್ಲೇ. ಹಿಂದುಳಿದ ವರ್ಗದವರಾಗಿದ್ದು ಸರ್ಕಾರಿ ಹಾಸ್ಟೆಲ್ ಸೀಟು ಸಿಗದಿದ್ದರೆ ಊಟ-ವಸತಿಗೆ ನೆರವು ಕೊಡುವ ವಿದ್ಯಾಸಿರಿ ಇದೆ. ಫೀಸ್ ಕಂತಿನಲ್ಲಿ ಕಟ್ಟುತ್ತೇನೆ ಅಂತ ಕಾಲೇಜಿಗೆ ಅರ್ಜಿ ಬರೆದುಕೊಡಿ. ಬಾಯಲ್ಲಿ ಕೇಳಿದ್ದು ಯಾರಿಗೂ ನೆನಪಿರುವುದಿಲ್ಲ.

ಬ್ಯಾಕ್ ಬಂದಿರುವುದನ್ನು ಮನೆಗೆ ಹೇಳದೆ ತಿಂಗಳುಗಟ್ಟಲೆ ಇರುವುದು, ಫೇಲಾಗಿದ್ದಕ್ಕಿಂತ ಹೆಚ್ಚು ತಿನ್ನುತ್ತದೆ. ರಾತ್ರಿ ಎಂಟಕ್ಕೆ ಅಮ್ಮನ ಫೋನು ಬಂದರೆ ಎದೆ ಧಸಕ್ ಅನ್ನುತ್ತದೆ, ಆಮೇಲೆ ಎರಡು ಗಂಟೆ ಓದು ಆಗುವುದಿಲ್ಲ. ಹೇಳಿಬಿಡಿ. ಅಳುತ್ತಾ ಹೇಳಬೇಡಿ, ಲೆಕ್ಕ ಹಿಡಿದು ಹೇಳಿ. "ಅಪ್ಪಾ, ಒಂದು ಸಬ್ಜೆಕ್ಟ್ ಹೋಗಿದೆ. ಮಿಕ್ಕಿದ್ದೆಲ್ಲ ಪಾಸು. ಮತ್ತೆ ಬರೀಬಹುದು, ಫೀಸು ಇಷ್ಟು. ಈ ಸಲ ಮೇಡಂ ಹತ್ರ ಹೇಳಿಸ್ಕೊತಿದೀನಿ." ಹೀಗೆ ಹೇಳಿಸಿದ ಒಬ್ಬಳ ಅಪ್ಪ ಆ ಕಡೆಯಿಂದ ಅಂದದ್ದು: "ಅಷ್ಟೇನಾ? ಈ ಹೊತ್ತಲ್ಲಿ ಫೋನ್ ಬಂತಲ್ಲ, ಹುಷಾರಿಲ್ವೇನೋ ಅಂದ್ಕಂಡೆ ಕಣವ್ವ."

ಎಲ್ಲ ಅಪ್ಪಂದಿರೂ ಹೀಗಿಲ್ಲ ಅನ್ನುವುದೂ ಗೊತ್ತು. "ಫೇಲಾದ್ರೆ ಓದು ಬಿಡಿಸಿ ಮದುವೆ ಮಾಡ್ತೀವಿ" ಅನ್ನುವ ಮನೆಗಳಿವೆ. ಅಂಥ ಮನೆಯಿಂದ ಬಂದಿದ್ದರೆ ನೀವೊಬ್ಬರೇ ಹೇಳಬೇಡಿ. ಮೊದಲು ಮೆಂಟರ್ ಹತ್ತಿರ ಹೋಗಿ. ಮೇಷ್ಟ್ರು ಫೋನ್ ಮಾಡಿ "ಮಗಳು ಚೆನ್ನಾಗಿ ಓದುತ್ತಾಳೆ, ಈ ಒಂದು ಪೇಪರ್ ನಾವು ನೋಡ್ಕೋತೀವಿ" ಅಂದರೆ ಮಾತಿನ ತೂಕವೇ ಬೇರೆ. ನಮಗೆ ಇದು ಹೊಸ ಕೆಲಸವಲ್ಲ.

ಇಷ್ಟರಲ್ಲಿ ಮುಗಿಯದಿದ್ದರೆ

ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ಪ್ರತಿದಿನ ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗುತ್ತಿದ್ದುದು ಯಾವುದೂ ಬೇಡ ಅನ್ನಿಸಿದರೆ, ಊಟ-ನಿದ್ದೆ ಕೆಟ್ಟು ಸ್ನಾನಕ್ಕೂ ಏಳಲಾಗದಿದ್ದರೆ, ಟೈಮ್‌ಟೇಬಲ್ ಹಾಕಿ ಸರಿಮಾಡುವ ಹಂತ ದಾಟಿದೆ. ವೈದ್ಯರು ಬೇಕು. ಜ್ವರ ಬಿಡದಿದ್ದರೆ ಹೋಗುತ್ತೀರಲ್ಲ, ಇದಕ್ಕೂ ಹೋಗಬೇಕು.

ಫೋನಿನಲ್ಲೇ ಶುರುಮಾಡಬಹುದು. ಟೆಲಿ-ಮಾನಸ್, ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮೂರಿನಲ್ಲಿ ಯಾವಾಗ ಅಂತ ವಿಚಾರಿಸಿ. "ರೆಕಾರ್ಡ್‌ನಲ್ಲಿ ಬರುತ್ತಾ, ಪ್ಲೇಸ್‌ಮೆಂಟ್‌ಗೆ ತೊಂದರೆ ಆಗುತ್ತಾ" ಅಂತ ಕೇಳುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯ ವಿಷಯ ಗೋಪ್ಯವಾಗಿಡುವ ಹಕ್ಕು ಕೊಟ್ಟಿದೆ. ನಿಮ್ಮ ಚೀಟಿ ಕಾಲೇಜಿಗೆ ಬರುವುದಿಲ್ಲ.

ಕಾಲೇಜಿನಲ್ಲಿ ಕೌನ್ಸೆಲರ್ ಇಲ್ಲದಿದ್ದರೆ ಕೇಳುವ ಹಕ್ಕು ನಿಮಗಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ತರಬೇತಾದ ಒಬ್ಬ ಕೌನ್ಸೆಲರ್ ಆದರೂ ಇರಬೇಕು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಗಣಿತದ ಮೇಡಂ ಕೌನ್ಸೆಲರ್ ಅಲ್ಲ. ನಾನು ಕೇಳಿಸಿಕೊಳ್ಳಬಲ್ಲೆ, ಚಿಕಿತ್ಸೆ ಕೊಡಲಾರೆ.

ರೂಮ್‌ಮೇಟ್‌ಗಳಿಗೆ ಒಂದು ಮಾತು. ಯಾರಾದರೂ "ನಾನಿಲ್ಲದಿದ್ರೇ ಚೆನ್ನಾಗಿತ್ತು" ಅಂದರೆ ತಮಾಷೆ ಅಂತ ಬಿಡಬೇಡಿ. "ಸಾಯೋ ಯೋಚನೆ ಬರ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವಳನ್ನು ಒಬ್ಬಳೇ ಬಿಡಬೇಡಿ, 14416ಕ್ಕೆ ಜೊತೆಗೇ ಫೋನ್ ಮಾಡಿ, ತಕ್ಷಣದ ಅಪಾಯ ಕಂಡರೆ 112. ವಾರ್ಡನ್ ಬಾಗಿಲು ಎಷ್ಟು ಹೊತ್ತಿಗಾದರೂ ತಟ್ಟಿ. "ಯಾರಿಗೂ ಹೇಳಲ್ಲ ಅಂತ ಆಣೆ ಮಾಡು" ಅಂದರೂ ಈ ಒಂದು ವಿಷಯದಲ್ಲಿ ಆಣೆ ಮುರಿಯಿರಿ.

ಹಾಲ್ ಒಳಗೆ

ಬೆಲ್‌ಗೆ ಮುಂಚೆ ಗೇಟ್ ಹತ್ತಿರ "ಆ ಪ್ರಶ್ನೆ ಓದಿದ್ಯಾ, ಇದು ಬಂದೇ ಬರುತ್ತಂತೆ" ಅನ್ನುವ ಗುಂಪಿನಿಂದ ದೂರ ನಿಲ್ಲಿ. ಶಿಕಾಗೋ ವಿಶ್ವವಿದ್ಯಾಲಯದ ರಮೀರೆಜ್ ಮತ್ತು ಬೈಲಾಕ್ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಹೆದರಿಕೆಯನ್ನೇ ಹಾಳೆಯ ಮೇಲೆ ಬರೆದವರು ಚೆನ್ನಾಗಿ ಮಾಡಿದರು, ಹೆಚ್ಚು ಹೆದರುವವರಿಗೆ ಹೆಚ್ಚು ಲಾಭವಾಯಿತು. ಎಲ್ಲರಿಗೂ ಕೆಲಸ ಮಾಡುತ್ತದೆ ಅನ್ನಲಾರೆ, ಖರ್ಚಂತೂ ಇಲ್ಲ. ಬರೆದು ಹರಿದು ಕಸದ ಬುಟ್ಟಿಗೆ ಹಾಕಿ ಒಳಗೆ ಹೋಗಿ. ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಡಿ, ಕಾಪಿ ಹಿಡಿಯಲು ಬರುವ ಸ್ಕ್ವಾಡ್‌ನವರಿಗೆ ಅದು ಕಾಪಿ ಚೀಟಿಯಾಗಿಯೇ ಕಾಣುತ್ತದೆ.

ಬ್ಲ್ಯಾಂಕ್ ಆದರೆ ಪೆನ್ ಕೆಳಗಿಡಿ. ಉಸಿರು ಒಳಗೆ ತೆಗೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ನಾಲ್ಕೈದು ಸಲ. ಆಮೇಲೆ ಕೊನೆಯ ಪುಟದಲ್ಲಿ ನೆನಪಿರುವ ಸೂತ್ರಗಳನ್ನು ಬರೆದುಬಿಡಿ, ಅವು ತಲೆಯಲ್ಲಿ ಜಾಗ ಹಿಡಿಯುವುದು ಬೇಡ. ಮೂರು ಗಂಟೆ, ಐದು ಮಾಡ್ಯೂಲ್, ಒಂದಕ್ಕೆ ಮೂವತ್ತಮೂರು ನಿಮಿಷ ಇಟ್ಟುಕೊಂಡರೆ ಕೊನೆಗೆ ಕಾಲು ಗಂಟೆ ಉಳಿಯುತ್ತದೆ. ಗಟ್ಟಿಯಾಗಿ ಗೊತ್ತಿರುವ ಮಾಡ್ಯೂಲ್‌ನಿಂದ ಶುರುಮಾಡಿ. ಉಳಿದ ಕಾಲು ಗಂಟೆಯಲ್ಲಿ ಮೈನಸ್ ಗುರುತುಗಳನ್ನಷ್ಟೇ ನೋಡಿ, ಬೇರೇನೂ ಬೇಡ.

ರಿಸಲ್ಟ್ ದಿನ

ಒಬ್ಬರೇ ರೂಮಿನಲ್ಲಿ ಬಾಗಿಲು ಹಾಕಿಕೊಂಡು ನೋಡಬೇಡಿ. ಸೈಟ್ ಹ್ಯಾಂಗ್ ಆಗುತ್ತದೆ, ಅದಕ್ಕೇ ಅರ್ಧ ಜೀವ ಹೋಗುತ್ತದೆ. ಜೊತೆಗಾರರೊಬ್ಬರು ನಿಮ್ಮ ಯುಎಸ್‌ಎನ್ (ವಿಟಿಯು ಕೊಟ್ಟ ವಿದ್ಯಾರ್ಥಿ ಸಂಖ್ಯೆ) ಹಾಕಿ ನೋಡಲಿ. ಒಂದು ವಿಷಯ ಹೋಗಿದ್ದರೆ ಆ ದಿನ ಏನೂ ತೀರ್ಮಾನ ಮಾಡಬೇಡಿ. ಕೋರ್ಸ್ ಬಿಡುವ ಮಾತಂತೂ ಬೇಡವೇ ಬೇಡ. ಊಟ ಮಾಡಿ ಮಲಗಿ. ಮಾರನೇ ದಿನ ಉತ್ತರಪತ್ರಿಕೆಯ ಫೋಟೊಕಾಪಿ ಮತ್ತು ರೀವ್ಯಾಲ್ಯುಯೇಷನ್‌ಗೆ ಕೊನೇ ದಿನ ಯಾವುದು ನೋಡಿ. ಫೋಟೊಕಾಪಿ ಬಂದರೆ ಆ ವಿಷಯದ ಮೇಷ್ಟ್ರ ಹತ್ತಿರ ತೆಗೆದುಕೊಂಡು ಹೋಗಿ, ಮಾರ್ಕ್ಸ್ ಏರುವ ಸಾಧ್ಯತೆ ಇದೆಯಾ ಅಂತ ಅವರು ಹೇಳುತ್ತಾರೆ. ಇಲ್ಲ ಅಂದರೆ ಆ ಫೀಸು ಉಳಿಸಿ, ಮತ್ತೆ ಬರೆಯುವ ಪರೀಕ್ಷೆಗೆ ಕಟ್ಟಿ. ನನ್ನ ವಿಷಯವೇ ಹೋಗಿದ್ದರೆ ಸಂಜೆ ಐದೂವರೆಗೆ ಸ್ಟಾಫ್ ರೂಮಿಗೆ ಬನ್ನಿ, ಬ್ಲೂ ಬುಕ್ ನೋಡಿ ಬರೆದುಕೊಂಡಿದ್ದ ಆ ನೋಟ್‌ಬುಕ್ ಜೊತೆಗಿರಲಿ.